ಸಿಂಹಾಸನದ ಹಾಜರಿ

ಮಾರ್ಚ್ 3, ಸೋಮವಾರ

ಸ್ವಸ್ತಿ! ರಟ್ಟಿನ ಕವಚಧಾರಿಯೂ, ಇನ್ನೂರು ಪುಟಗಳ ಏಕಛತ್ರಾಧಿಪತಿಯೂ, ಗೆರೆ ಹಾಕಿದ ಸಮಸ್ತ ಭೂಮಂಡಲದ ಒಡೆಯನೂ, ಮೂಲೆ ಮಡಚಿಹೋಗಿದೆ ಎಂಬ ಏಕೈಕ ಕಾರಣಕ್ಕೆ ಅಂಗಡಿಯಲ್ಲಿ ಅರ್ಧ ಬೆಲೆಗೆ ಬಿಕರಿಯಾದವನೂ ಆದ ದಿನಚರಿ ಮಹಾಪ್ರಭುಗಳ ಸನ್ನಿಧಾನಕ್ಕೆ, ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಸುಸ್ಥಿರತಾ ವಿಭಾಗದ ಏಕಮೇವ ಸಿಬ್ಬಂದಿಯಾದ ನಾನು ಮೇಜಿಗೆ ಹಣೆ ತಾಗಿಸಿ ಮಾಡುವ ಬಿನ್ನಹ.

ಬಹುಪರಾಕ್ ಮುಗಿಯಿತು. ಈಗ ವಿಷಯ.

ನಮ್ಮ ಕಂಪನಿ ಪ್ರತಿ ವರ್ಷ ಒಂದು ಸುಸ್ಥಿರತಾ ವರದಿ ಅಚ್ಚು ಹಾಕಿಸುತ್ತದೆ. ಎಷ್ಟು ವಿದ್ಯುತ್ ಸುಟ್ಟೆವು, ಎಷ್ಟು ನೀರು ಕುಡಿದೆವು, ಎಷ್ಟು ಗಿಡ ನೆಟ್ಟೆವು, ಎಷ್ಟು ಜನಕ್ಕೆ ಪೆಟ್ಟಾಯಿತು. ಮುಖಪುಟದಲ್ಲಿ ಎರಡು ಅಂಗೈಗಳ ನಡುವೆ ಒಂದು ಸಸಿ. ಇಷ್ಟು ವರ್ಷ ಅದನ್ನು ಓದುತ್ತಿದ್ದವರು ಇಬ್ಬರೇ: ಬರೆದವರು ಮತ್ತು ಅಚ್ಚು ಹಾಕಿದವನು. ಅಚ್ಚು ಹಾಕಿದವನ ಬಗ್ಗೆ ನನಗೆ ಅನುಮಾನವಿದೆ. ಆದರೆ ಈ ವರ್ಷ ಹೊಸ ಕಾನೂನು ಬಂದಿದೆ. ಹೊರಗಿನ ಆಡಿಟರ್ ಬಂದು ಒಂದೊಂದು ಅಂಕಿಗೂ ಸಾಕ್ಷಿ ಕೇಳಬೇಕಂತೆ.

ಮ್ಯಾನೇಜರರು ಕರೆದು ಕೂರಿಸಿದರು. "ನೋಡಮ್ಮಾ, ನಮ್ದೆಲ್ಲಾ ಸತ್ಯಾನೇ. ಸಾಕ್ಷಿ ಮಾತ್ರ ಇಲ್ಲ. ಅದನ್ನ ನೀನು ಹೊಂದಿಸು."

ಇವರಿಗೆ ನಾನಿಟ್ಟ ಹೆಸರು ಸೊನ್ನೆ ಸಾಹೇಬರು. ಗೇಟಿನ ಬಳಿ ದೊಡ್ಡ ಫಲಕ ಹಾಕಿಸಿದ್ದಾರೆ: 'ಅಪಘಾತದಿಂದ ಕಳೆದುಹೋದ ಕೆಲಸದ ದಿನಗಳು: 0'. ನಾಲ್ಕು ವರ್ಷದಿಂದ ಆ ಸೊನ್ನೆ ಅಲುಗಿಲ್ಲ. ನಮ್ಮ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ಕೊಳ್ಳುವ ಸಾಬೂನು ಕಂಪನಿಗೆ ಆ ಸೊನ್ನೆಯೇ ಬೇಕು. ಸಾಹೇಬರು ದಿನಾ ಒಳಗೆ ಬರುವಾಗ ಅದರ ಕಡೆ ಒಮ್ಮೆ ನೋಡಿ ತಲೆಬಾಗುತ್ತಾರೆ. ನಾನು ಅವರ ಹಿಂದೆ ನಿಂತು ಇನ್ನೂ ಸ್ವಲ್ಪ ಹೆಚ್ಚು ಬಾಗುತ್ತೇನೆ. ಕಾವಲುಗಾರ ನಗು ತಡೆಯಲಾರದೆ ಕೆಮ್ಮುತ್ತಾನೆ.

ಮಾರ್ಚ್ 5, ಬುಧವಾರ

'ಐನೂರು ಸಸಿಗಳನ್ನು ನೆಡಲಾಗಿದೆ' ಎಂಬ ವಾಕ್ಯಕ್ಕೆ ಸಾಕ್ಷಿ ಹುಡುಕಿಕೊಂಡು, ಟೋಪಿ ಧರಿಸಿ, ಕಾರ್ಖಾನೆಯ ಹಿಂದಿನ ಬಯಲಿಗೆ ದಂಡಯಾತ್ರೆ ಹೊರಟೆ. ಜೀವಂತ ಸಿಕ್ಕವು ಹದಿಮೂರು. ಅದರಲ್ಲಿ ಒಂದು ಸಸಿಯಲ್ಲ, ಯಾರೋ ಊರಿದ ಕೋಲು. ಅಷ್ಟು ನೆಟ್ಟಗೆ ನಿಂತಿತ್ತು ಎಂದು ಗೌರವಪೂರ್ವಕ ಸೇರಿಸಿಕೊಂಡೆ.

ಫೋಟೋಗಳು ಮಾತ್ರ ಬೇಕಾದಷ್ಟಿವೆ. ಎಲ್ಲದರಲ್ಲೂ ಬೇರೆ ಬೇರೆ ಅಧಿಕಾರಿ, ಒಂದೇ ಸಸಿ. ಎಡಗಡೆಯ ಎಲೆ ಅರ್ಧ ಹರಿದಿರುವುದರಿಂದ ಗುರುತು ಸಿಕ್ಕಿತು. ಪಾಪದ್ದು, ನೆಡಿಸಿಕೊಂಡೂ ನೆಡಿಸಿಕೊಂಡೂ ಸತ್ತಿರಬೇಕು.

ದೊಡ್ಡ ಗುಮಾಸ್ತರಿಗೆ ಹೇಳಿದೆ. ಕಾರ್ಖಾನೆಯ ರಿಜಿಸ್ಟರುಗಳನ್ನೆಲ್ಲ ಬರೆಯುವವರು ಅವರು. ದಪ್ಪ ಕನ್ನಡಕ, ಮೆಲ್ಲನೆಯ ದನಿ. ಅವರು ನಗಲಿಲ್ಲ. ಉಪದೇಶ ಮಾಡಿದರು.

"ಏನೇ ಬರೀಬೇಕಾದ್ರೂ ಒತ್ತೊತ್ತಾಗಿ ಬರೀಬಾರದು ಕಣಮ್ಮಾ. ಮಧ್ಯೆ ಮಧ್ಯೆ ಒಂದು ಪುಟ ಖಾಲಿ ಬಿಡ್ತಾ ಹೋಗ್ಬೇಕು."

"ಯಾಕೆ ಸರ್?"

"ಆಗದೇ ಇದ್ದದ್ದು ಮುಂದೊಂದಿನ ಆಗಿರಬೇಕಾಗುತ್ತೆ. ಆಗ ಜಾಗ ಬೇಡ್ವಾ?"

ಎದ್ದು ನಿಂತು ಕೈ ಮುಗಿದೆ. ಮಹಾಪ್ರಭುಗಳೇ, ಗುರುವಾಕ್ಯದಂತೆ ಇನ್ನು ಮುಂದೆ ನಿಮ್ಮಲ್ಲೂ ಅಲ್ಲೊಂದು ಇಲ್ಲೊಂದು ಪುಟ ಖಾಲಿ.

ಮಾರ್ಚ್ 7, ಶುಕ್ರವಾರ

ನಿನ್ನೆ ಎರಡನೇ ಪಾಳಿಯಲ್ಲಿ ಭಾವನ ಕಾಲಿನ ಮೇಲೆ ಕಾಗದದ ರೀಲು ಹರಿಯಿತು.

ಭಾವ ಎಂದರೆ ಅಕ್ಕನ ಗಂಡ. ನಾನಿರುವುದು ಅವರ ಮನೆಯಲ್ಲೇ. ನನಗೆ ಈ ಕೆಲಸ ಕೊಡಿಸಿದ್ದೂ ಅವರೇ. ಕಾಗದದ ರೀಲು ಎಂದರೆ ಎದೆಮಟ್ಟ ಬರುವ ಉರುಳೆ, ಅದು ಉರುಳದಂತೆ ಕೆಳಗೆ ಮರದ ಬೆಣೆ ಕೊಟ್ಟಿರುತ್ತಾರೆ. ಬೆಣೆ ಸವೆದಿತ್ತು. ಬೂಟಿಲ್ಲದಿದ್ದರೆ ಪಾದವೇ ಹೋಗುತ್ತಿತ್ತು ಎಂದರಂತೆ ಡಾಕ್ಟರು. ಅದನ್ನು ಎಲ್ಲರೂ ಸಿಹಿಸುದ್ದಿಯಂತೆ ಹೇಳಿಕೊಂಡು ಓಡಾಡುತ್ತಿದ್ದಾರೆ. ಮೂಳೆ ಬಿರುಕು ಬಿಟ್ಟಿದೆ, ಚರ್ಮ ಕಿತ್ತಿದೆ. ಭಾವನಿಗೆ ಸಕ್ಕರೆ ಕಾಯಿಲೆ ಬೇರೆ. ಹಾಗಾಗಿ ಗಾಯ ಮಾಯುವವರೆಗೆ ಮಲಗಿಯೇ ಇರಬೇಕು, ಕಾಲು ದಿಂಬಿನ ಮೇಲೇ ಇರಬೇಕು.

"ಕಾಗದಕ್ಕೆ ಬುದ್ಧಿ ಬಂದಿದೆ ಕಣೇ ಕೋತಿ," ಅಂದರು ಭಾವ, ಬೆಳಿಗ್ಗೆ. "ಇಷ್ಟು ದಿನ ನಾನು ಅದನ್ನ ಪೆಟ್ಟಿಗೆ ಮಾಡ್ತಿದ್ದೆ. ಈಗ ಅದು ನನ್ನನ್ನ ಮಡಚೋಕೆ ನೋಡ್ತು."

ಅಕ್ಕ ದಿಂಬು ಸರಿ ಮಾಡುತ್ತಿದ್ದಳು. ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಸೊನ್ನೆ ಸಾಹೇಬರು, ಸ್ವತಃ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು, ನೀರು ಕೇಳಿ ಕುಡಿದರು, ಭಾವನ ಕಾಲನ್ನು ನೋಡಿ ಲೊಚಗುಟ್ಟಿದರು. ಆಮೇಲೆ ವಿಷಯಕ್ಕೆ ಬಂದರು. ಪೆಟ್ಟಾದವನು ಮರುದಿನ ಕೆಲಸಕ್ಕೆ ಬಂದರೆ ದಿನ ಕಳೆದಂತಾಗುವುದಿಲ್ಲ. ಬಂದು ಏನು ಮಾಡಿದ ಎಂದು ಯಾರೂ ಕೇಳುವುದಿಲ್ಲ.

"ಮನೇಲಿದ್ರೂ ಒಂದು ಕಡೆ ಇರ್ತೀರಿ, ಅಲ್ಲಿದ್ರೂ ಒಂದು ಕಡೆ ಇರ್ತೀರಿ. ಫ್ಯಾನಿದೆ, ಟೀ ಇದೆ, ನಾದಿನಿ ಪಕ್ಕದಲ್ಲೇ ಇರ್ತಾಳೆ."

"ಕಾಲು ಕೆಳಗಿಡ್ಬಾರ್ದು ಅಂದಿದಾರೆ ಸರ್," ಅಂದಳು ಅಕ್ಕ.

"ಕೆಳಗಿಡೋದು ಯಾಕಮ್ಮಾ? ಸ್ಟೂಲು ಕೊಡ್ತೀವಿ."

ಅಕ್ಕ ಮತ್ತೇನೋ ಹೇಳಲು ಹೊರಟಳು. ಸಾಹೇಬರು ದನಿ ತಗ್ಗಿಸಿದರು. ಸೊನ್ನೆ ಹೋದರೆ ಸಾಬೂನಿನವರು ಹೋಗುತ್ತಾರೆ. ಅವರು ಹೋದರೆ ಎರಡನೇ ಪಾಳಿ ಇರುವುದಿಲ್ಲ.

ಭಾವ ಗೋಡೆ ನೋಡಿಕೊಂಡು, "ನನ್ನೊಬ್ಬನ ಕಾಲಿಗೋಸ್ಕರ ಅಷ್ಟು ಜನದ ಹೊಟ್ಟೆ ಮೇಲೆ ಹೊಡೀಲಾ? ಶರ್ಟು ಕೊಡೇ," ಅಂದರು.

ಅಕ್ಕ ಶರ್ಟು ಕೊಟ್ಟಳು. ಗುಂಡಿ ಹಾಕಲಿಲ್ಲ.

ಮಾರ್ಚ್ 10, ಸೋಮವಾರ

ಆಲಿಸಿರಿ! ನನ್ನ ವಿಭಾಗದಲ್ಲಿ ಪಟ್ಟಾಭಿಷೇಕ ಜರುಗಿತು.

ನನ್ನ ವಿಭಾಗ ಎಂದರೆ ಉಗ್ರಾಣದ ಪಕ್ಕದ ಕೋಣೆ: ಒಂದು ಕಿಟಕಿ, ಒಂದು ಮೇಜು, ಕೈ ಮುರಿದ ಒಂದು ಕುರ್ಚಿ. ನೆಲಮಹಡಿಯಾದ್ದರಿಂದ ಭಾವನನ್ನು ಇಲ್ಲಿಗೇ ತರುತ್ತಾರೆ. ಕಂಪನಿಯ ಕಾರಿನಿಂದ ಇಬ್ಬರು ಹೊತ್ತು ತರುತ್ತಾರೆ, ಇಬ್ಬರು ಹೊತ್ತು ಒಯ್ಯುತ್ತಾರೆ. ಸಭಾಕೊಠಡಿಯ ತಿರುಗುವ ಕುರ್ಚಿಯನ್ನೇ ದಯಪಾಲಿಸಿದ್ದಾರೆ. ನಾನು ಅದರ ಬೆನ್ನಿಗೆ 'ಸಿಂಹಾಸನ' ಎಂದು ಚೀಟಿ ಅಂಟಿಸಿದೆ. ಭಾವ ಮಹಾರಾಜರು, ನಾನು ಮಂತ್ರಿ.

"ಮಂತ್ರಿಗಳೇ, ರಾಜ್ಯದಲ್ಲಿ ಮಳೆ ಬೆಳೆ ಹೇಗಿದೆ?"

"ಆಗಸ್ಟ್ ತಿಂಗಳ ವಿದ್ಯುತ್ ಬಿಲ್ಲು ಕಾಣೆಯಾಗಿದೆ ಪ್ರಭೂ."

"ಅದನ್ನ ಕದ್ದವನ ತಲೆ ತೆಗೀರಿ."

ಬರೀ ಕೂತಿದ್ದರೆ ಬೇಸರ ಎಂದು ಅವರು ಕೆಲಸ ಕೇಳಿದರು. ಕಾಗದಕ್ಕೆ ತೂತು ಹಾಕುವ ಯಂತ್ರ ಕೊಟ್ಟೆ. ನಾನು ಸಾಕ್ಷಿ ಆರಿಸುತ್ತೇನೆ, ಅವರು ತೂತು ಹಾಕಿ ದಾರ ಕಟ್ಟುತ್ತಾರೆ. ಮೊದಲು ಕೈಗೆ ಸಿಕ್ಕಿದ್ದು 'ಕಾರ್ಮಿಕರ ಸುರಕ್ಷತೆ' ಕಡತ. ತಮ್ಮ ಹಾಜರಿ ಹಾಳೆಗೆ ತಾವೇ ತೂತು ಹಾಕಿದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಮಾರ್ಚ್ 13, ಗುರುವಾರ

ಅವರ ಪಾಳಿಯವರು ಊಟದ ಬಿಡುವಿನಲ್ಲಿ ಬಂದು ಬಾಗಿಲಲ್ಲೇ ನಿಂತು ನೋಡುತ್ತಾರೆ. "ಏನಣ್ಣಾ, ಪ್ರಮೋಷನ್ನು! ನಮಗೂ ಒಂದು ಸಣ್ಣ ರೀಲು ಉರುಳಿಸಿ ಕೊಡಣ್ಣಾ." ಭಾವ ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ ತೋರಿಸುತ್ತಾರೆ.

ಸ್ಟೂಲು ತಗ್ಗಾಯಿತು. ದಿಂಬು ತಂದರೆ ಜಾರುತ್ತದೆ. ಶೌಚಾಲಯ ಕಾರಿಡಾರಿನ ಆ ತುದಿಗಿದೆ. ಪ್ರತಿ ಸಲ ಇಬ್ಬರನ್ನು ಕರೆಸಲು ನಾಚಿಕೊಂಡು ಗೋಡೆ ಹಿಡಿದು ಕುಂಟುತ್ತಾ ಹೋಗಿಬರುತ್ತಾರೆ. ಟೀ ಕುಡಿಯುವುದನ್ನು ನಿಲ್ಲಿಸಿದ್ದಾರೆ. ನೀರನ್ನೂ.

ವರದಿ ಚೆನ್ನಾಗಿ ಸಾಗುತ್ತಿದೆ. ನೀರಿನ ಅಧ್ಯಾಯ ಮುಗಿಯಿತು.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಮನೆಯಲ್ಲಿ ರಾದ್ಧಾಂತ. ಪಟ್ಟಿ ಬಿಚ್ಚಿದಾಗ ಅಕ್ಕನಿಗೆ ಏನು ಕಾಣಿಸಿತೋ, ಬಟ್ಟಲು ನೆಲಕ್ಕೆ ಕುಕ್ಕಿದಳು.

"ಇವತ್ತು ಹೋಗ್ಬೇಡಿ. ಬಣ್ಣ ತಿರುಗಿದೆ."

"ಸುಮ್ನಿರೇ. ಎಲ್ಲಾ ಗಾಯಾನೂ ಒಂದ್ಸಲ ಬಣ್ಣ ತಿರುಗುತ್ತೆ."

"ನೀನಾದ್ರೂ ಹೇಳೇ," ಅಂದಳು ನನ್ನ ಕಡೆ ತಿರುಗಿ. "ಅಲ್ಲೇ ಇರ್ತೀಯ. ದೊಡ್ಡವರ ಹತ್ರ ಒಂದು ಮಾತು ಹೇಳೋಕಾಗಲ್ವಾ?"

"ಅಕ್ಕನ ಆಕ್ಷೇಪಣೆಗಳು ಒಟ್ಟು ಎರಡು, ಎರಡನ್ನೂ ದಾಖಲಿಸಿಕೊಳ್ಳಲಾಗಿದೆ," ಅಂದೆ ವರದಿಯ ದನಿಯಲ್ಲಿ. ಭಾವ ನಕ್ಕರು. ಅಕ್ಕ ನಗಲಿಲ್ಲ. ಅವಳಿಗೆ ಈಚೆಗೆ ಹಾಸ್ಯಪ್ರಜ್ಞೆ ಕಡಿಮೆಯಾಗಿದೆ.

ದೊಡ್ಡ ಗುಮಾಸ್ತರು ಕಣ್ಣಿನ ಆಪರೇಷನ್ನಿಗೆಂದು ಇಂದಿನಿಂದ ಇಡೀ ವಾರ ರಜ. ಅವರ ಕೆಲಸವೂ ನನ್ನ ತಲೆಗೆ. ಸುರಕ್ಷತಾ ತಪಾಸಣೆಯ ರಿಜಿಸ್ಟರಿನಲ್ಲಿ ಖಾಲಿ ಬಿಟ್ಟಿದ್ದ ಪುಟಗಳನ್ನು ತುಂಬಿಸಿದೆ. 'ಬೆಣೆಗಳನ್ನು ಪರೀಕ್ಷಿಸಲಾಯಿತು. ಸುಸ್ಥಿತಿಯಲ್ಲಿವೆ.' ಪುಟಕ್ಕೊಂದು ಪೆನ್ನು ಬದಲಾಯಿಸಿದೆ. ಕೈಬರಹವನ್ನು ಸ್ವಲ್ಪ ಬಲಕ್ಕೆ ವಾಲಿಸಿದರೆ ಗುಮಾಸ್ತರದ್ದೇ. ಇಂಥ ಕಲೆ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

ಮಾರ್ಚ್ 19, ಬುಧವಾರ

ಇಂದು ಮಧ್ಯಾಹ್ನ ನಾನು ಮ್ಯಾನೇಜರರ ಕೋಣೆಗೆ ಹೋದೆನು. ಕುಳಿತುಕೊಳ್ಳಲು ಹೇಳಿದರು, ನಾನು ಕುಳಿತುಕೊಳ್ಳಲಿಲ್ಲ. "ಸರ್, ನನ್ನ ಭಾವನನ್ನು ಮನೆಗೆ ಕಳುಹಿಸಿ. ಅವರ ಗಾಯ ಕೆಡುತ್ತಿದೆ. ವರದಿಯಲ್ಲಿ ಸೊನ್ನೆಯ ಬದಲು ಒಂದು ಎಂದು ಬರೆಯೋಣ. ಒಬ್ಬ ಮನುಷ್ಯನ ಕಾಲಿಗಿಂತ ಒಂದು ಅಂಕಿ ದೊಡ್ಡದಲ್ಲ" ಎಂದು ಸ್ಪಷ್ಟವಾಗಿ ಹೇಳಿದೆನು. ದೊಡ್ಡ ಗುಮಾಸ್ತರು ಕಡತ ಹಿಡಿದು ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಮ್ಯಾನೇಜರರು ಕಿಟಕಿಯ ಹೊರಗೆ ನೋಡುತ್ತಾ, "ಅದು ಸಾಧ್ಯವಿಲ್ಲ" ಎಂದರು.

ನಾನು ಹೇಳಬೇಕಾದುದನ್ನು ಹೇಳಿದ್ದೇನೆ. ಇದು ದಾಖಲೆಯಲ್ಲಿರಲಿ.

ಮಾರ್ಚ್ 24, ಸೋಮವಾರ

ಮಹಾಪ್ರಭುಗಳೇ, ನಿಮ್ಮ ಸೇವಕಿಗೆ ಬಡ್ತಿ! ಸಾಹೇಬರು ಕರಡನ್ನು ಓದಿ, "ನಿನ್ನ ಕೈಲಿ ಒಂದು ಗುಣ ಇದೆ ಕಣಮ್ಮಾ. ಏನು ಬರೆದ್ರೂ ನಡೆದೇ ಇದೆ ಅನ್ಸುತ್ತೆ," ಅಂದರು. ವರದಿಯಲ್ಲಿ ನನ್ನ ಹೆಸರಿನ ಕೆಳಗೆ 'ಸುಸ್ಥಿರತಾ ಮುಖ್ಯಸ್ಥೆ' ಎಂದು ಹಾಕುತ್ತಾರಂತೆ. ಏಕಮೇವ ಸಿಬ್ಬಂದಿಗೆ ಏಕಮೇವ ಮುಖ್ಯಸ್ಥೆ. ಬೆಳಿಗ್ಗೆ ನನಗೆ ನಾನೇ ನಮಸ್ಕಾರ ಹೇಳಬೇಕು.

ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡೆ, ಬೆಳಕಿಗೆ. ಕೋಣೆಗೆ ಸುಗಂಧದ ಡಬ್ಬಿ ತಂದಿಟ್ಟೆ. ಮಲ್ಲಿಗೆಯದು.

ಭಾವ ಡಬ್ಬಿ ನೋಡಿದರು, ನನ್ನನ್ನು ನೋಡಿದರು. "ಮಂತ್ರಿಗಳೇ, ಸಿಂಹಾಸನ ಬಾಗಿಲಾಚೆ ಹಾಕಿಸಿಕೊಳ್ಳೋಣ್ವಾ?"

"ಬೇಡ ಭಾವ. ಹೊರಗೆ ಕಂಡ್ರೆ ಜನ ಕೇಳ್ತಾರೆ."

ಅವರು ತೂತು ಹಾಕುತ್ತಾ ಕೂತರು. ಈಗೀಗ ತೂತು ನೇರಕ್ಕೆ ಬರುತ್ತಿಲ್ಲ. ಕೆಲವು ಹಾಳೆಗಳನ್ನು ನಾನೇ ಮತ್ತೆ ಹಾಕಬೇಕಾಯಿತು. ಸ್ವಲ್ಪ ಜೋರಾಗಿ ಹೇಳಿದೆನೇನೋ.

ಮಾರ್ಚ್ 31, ಸೋಮವಾರ

ವರದಿಯ ವರ್ಷ ಇವತ್ತಿಗೆ ಮುಗಿಯಿತು. ಸೊನ್ನೆ ಸುರಕ್ಷಿತ. ಐದನೇ ವರ್ಷ.

ಸಂಜೆ ಕೇಕು ತರಿಸಿದರು. ಅಂಗಡಿಯಲ್ಲಿ ಅಂಕಿಯಾಕಾರದ ಮೇಣದಬತ್ತಿಗಳಿರುತ್ತವಲ್ಲ, ನಾನು ಹುಡುಕಿ ಸೊನ್ನೆಯದನ್ನು ತಂದೆ. ಸಾಹೇಬರಿಗೆ ಎಷ್ಟು ಖುಷಿಯಾಯಿತೆಂದರೆ ಉರಿಸಿದ ಮೇಲೆ ಆರಿಸಲು ಬಿಡಲಿಲ್ಲ. ಅದು ಕೆನೆಯೊಳಗೆ ಕರಗಿ ಕೂತಿತು. ಭಾವನಿಂದಲೇ ಕತ್ತರಿಸಿಸಿದರು. ಚಪ್ಪಾಳೆ ಜೋರಾಗಿತ್ತು. ಅವರಿಗೆ ಸಕ್ಕರೆ ಇರುವುದರಿಂದ ತಿನ್ನಲಿಲ್ಲ, ಚಾಕು ಹಿಡಿದುಕೊಂಡೇ ಇದ್ದರು. ಕೈ ಬಿಸಿಯಾಗಿತ್ತು, ಚಾಕು ಇಸಿದುಕೊಳ್ಳುವಾಗ ಗೊತ್ತಾಯಿತು.

"ವರ್ಷ ಮುಗೀತಲ್ಲ, ಇನ್ನು ಮನೇಲಿರಬಹುದಾ ಸರ್?" ಕೇಳಿದರು ಭಾವ, ನಗುತ್ತಲೇ.

"ಆಡಿಟರ್ ಬಂದು ಹೋಗ್ಲಿ. ಅವರು ಬಂದಾಗ ನೀವಿಲ್ಲ ಅಂದ್ರೆ ಎಲ್ಲಿ ಅಂತಾರೆ. ಇನ್ನೊಂದು ಸ್ವಲ್ಪ ದಿನ."

ಏಪ್ರಿಲ್ 9, ಬುಧವಾರ

ಆಡಿಟರ್ ಬಂದರು. ಕೊಂಬು, ಕೋರೆಹಲ್ಲು ಏನೂ ಇಲ್ಲ. ನೆಗಡಿಯಾದ, ಮೆತ್ತಗಿನ ಮನುಷ್ಯ. ಕರವಸ್ತ್ರ ಮಡಿಸಿ ಮಡಿಸಿ ಜೇಬಿಗಿಡುತ್ತಾರೆ.

ಗಿಡಗಳ ವಿಷಯದಲ್ಲಿ ಬಲು ಕಟ್ಟುನಿಟ್ಟು. ಬಿಸಿಲಿನಲ್ಲಿ ಬಯಲಿಗೆ ಹೋಗಿ ಹದಿಮೂರನ್ನೂ ಮುಟ್ಟಿ ನೋಡಿದರು. ಕೋಲಿನ ಮುಂದೆ ಬಹಳ ಹೊತ್ತು ನಿಂತರು. ಉಗುರಿನಿಂದ ಕೆರೆದು, "ಇದು ಸಸಿಯಲ್ಲ," ಅಂದರು. ಹನ್ನೆರಡು ಎಂದು ತಿದ್ದಿಸಿದರು. ಐನೂರು ಹೋಗಿ ಹನ್ನೆರಡಾಯಿತು. ನನಗೆ ಅವರ ಮೇಲೆ ನಿಜವಾಗಿ ಗೌರವ ಬಂತು. ಆಗಸ್ಟ್ ತಿಂಗಳ ಬಿಲ್ಲು ಇಲ್ಲದ್ದನ್ನೂ ಹಿಡಿದರು.

ಮಧ್ಯಾಹ್ನ ನನ್ನ ಕೋಣೆಗೆ ಬಂದು ಸುರಕ್ಷತೆಯ ಕಡತ ತೆರೆದರು.

"ವರ್ಷವಿಡೀ ಒಂದೂ ಇಲ್ವಾ?"

"ಪ್ರಥಮ ಚಿಕಿತ್ಸೆಯವು ಕೆಲವು ಇವೆ ಸರ್. ದಿನ ಕಳೆದದ್ದು ಇಲ್ಲ."

ಆಮೇಲೆ ತಲೆಯೆತ್ತಿ ಸಿಂಹಾಸನದ ಕಡೆ ನೋಡಿದರು. "ಇವರು?"

"ಕಡತ ನೋಡಿಕೊಳ್ಳೋರು," ಅಂದೆ.

"ಕಾಲಿಗೆ ಏನಾಯ್ತು ಯಜಮಾನ್ರೇ?"

ಫ್ಯಾನು ತಿರುಗುತ್ತಿತ್ತು. ಭಾವ ತೂತಿನ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಆಡಿಟರ್ ಅವರನ್ನು ನೋಡಿ, ಆಮೇಲೆ ನನ್ನನ್ನೂ ನೋಡಿದರು. ಹಾಗೆ ನೋಡುತ್ತಲೇ ಇದ್ದರು. ಇನ್ನೊಂದು ಸಲ ಕೇಳಿದರೆ ಹೇಳಿಬಿಡುತ್ತೇನೆ ಅಂದುಕೊಂಡೆ.

"ಸಕ್ಕರೆ ಕಾಯಿಲೆ ಸರ್," ಅಂದರು ಭಾವ. "ಸಣ್ಣ ಗಾಯಾನೂ ಮಾಯೋದಿಲ್ಲ."

"ಅಯ್ಯೋ, ಹುಷಾರು. ನಮ್ಮಪ್ಪನಿಗೂ ಹೀಗೇ ಇತ್ತು. ಒಳ್ಳೇ ಡಾಕ್ಟರಿಗೆ ತೋರಿಸ್ಬೇಕು." ಎರಡನೇ ಸಲ ಕೇಳಲಿಲ್ಲ. ಹಾಜರಿ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಎಲ್ಲ ದಿನವೂ ಹಾಜರಿ, ಎಲ್ಲ ದಿನವೂ ಸಹಿ, ಎಲ್ಲ ಹಾಳೆಗೂ ಅಚ್ಚುಕಟ್ಟಾದ ಎರಡು ತೂತು. ಹಸಿರು ಪೆನ್ನಿನಲ್ಲಿ ಗುರುತು ಹಾಕಿದರು. ಮತ್ತೆ ಸೀನಿದರು. ಮಲ್ಲಿಗೆ ಸುಗಂಧ ಅವರಿಗೆ ಆಗುವುದಿಲ್ಲವಂತೆ.

ಅವರು ಹೋದ ಮೇಲೆ ಭಾವ, "ಮಂತ್ರಿಗಳೇ, ಗೆದ್ವಾ?" ಅಂದರು.

"ಗೆದ್ವಿ ಪ್ರಭೂ."

ಏಪ್ರಿಲ್ 15, ಮಂಗಳವಾರ

ಕಾರು ಬಂತು. ಭಾವ ಏಳಲಿಲ್ಲ. ಜ್ವರದಲ್ಲಿ ಏನೇನೋ ಬಡಬಡಿಸುತ್ತಿದ್ದರು. ರೀಲು ನಿಲ್ಲಿಸಿ ಎನ್ನುತ್ತಿದ್ದರಂತೆ. ಅದೇ ಕಾರಿನಲ್ಲಿ ಆಸ್ಪತ್ರೆಗೆ. ಕಾರು ಕಂಪನಿಯದು, ಆದರೂ ಸಾಹೇಬರು ಏನೂ ಅನ್ನಲಿಲ್ಲ. ಒಳ್ಳೆಯವರು.

ಏಪ್ರಿಲ್ 18, ಶುಕ್ರವಾರ

ಪಾದ. ಹರಡಿನ ಮೇಲಿನವರೆಗೆ.

ಏಪ್ರಿಲ್ 22, ಮಂಗಳವಾರ

ರಜಾ ಅರ್ಜಿ ನಾನೇ ಬರೆದೆ. ಸಾಹೇಬರು ಹೇಳಿಕೊಡಬೇಕಾಗಲಿಲ್ಲ. 'ದೀರ್ಘಕಾಲದ ಸಕ್ಕರೆ ಕಾಯಿಲೆಯ ಪರಿಣಾಮವಾಗಿ ಉಂಟಾದ ವೈಯಕ್ತಿಕ ಅನಾರೋಗ್ಯದ ನಿಮಿತ್ತ'. ಒಂದೇ ಏಟಿಗೆ ಬಂತು, ಒಂದು ಅಕ್ಷರ ಹೊಡೆದುಹಾಕಲಿಲ್ಲ. ಭಾವನ ಸಹಿ ಬೇಕಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಹಾಳೆಯ ಕೆಳಗೆ ಇಡಲು ಏನೂ ಇರಲಿಲ್ಲ. ಅಕ್ಕ ಔಷಧಿಯ ಪೆಟ್ಟಿಗೆ ಕೊಟ್ಟಳು. ರಟ್ಟಿನದು. ತಿರುಗಿಸಿ ನೋಡಿದೆ. ನಮ್ಮಲ್ಲಿ ಮಾಡಿದ್ದಲ್ಲ.

ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಅಕ್ಕ ನನ್ನ ಪಕ್ಕ ಬಂದು ಕೂತಳು. ಆಮೇಲೆ ಕೇಳಿದಳು.

"ನಿನ್ನ ಪುಸ್ತಕದಲ್ಲಿ ಇವರ ಕಾಲು ಎಷ್ಟನೇ ಪುಟದಲ್ಲಿದೆ?"

"ಪುಸ್ತಕ ಅಲ್ಲಕ್ಕಾ, ವರದಿ."

"ಎಷ್ಟನೇ ಪುಟ?"

ಸುರಕ್ಷತೆ ಇರುವುದು ನಲವತ್ತೊಂದನೇ ಪುಟದಲ್ಲಿ. ಹೇಳಲಿಲ್ಲ. ಹೇಳಿದರೆ ತೆಗೆದು ನೋಡುತ್ತಾಳೆ.

ಮೇ 2, ಶುಕ್ರವಾರ

ಆಡಿಟರರ ಸಹಿ ಬಂತು. 'ನಮ್ಮ ಪರಿಶೀಲನೆಯ ಮಿತಿಯಲ್ಲಿ, ಈ ವರದಿ ತಪ್ಪೆಂದು ಭಾವಿಸಲು ಕಾರಣವಾಗುವ ಯಾವುದೂ ನಮ್ಮ ಗಮನಕ್ಕೆ ಬಂದಿಲ್ಲ.' ಎಷ್ಟು ಚೆಂದದ ವಾಕ್ಯ. ಎರಡು ಸಲ ಗಟ್ಟಿಯಾಗಿ ಓದಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ.

ಸಾಬೂನಿನವರು ಇನ್ನೂ ಮೂರು ವರ್ಷಕ್ಕೆ ಒಪ್ಪಂದ ಮಾಡಿಕೊಂಡರು. ಎರಡನೇ ಪಾಳಿ ಉಳಿಯಿತು. ರೀಲಿನ ಹತ್ತಿರ ಹೋಗಿದ್ದೆ, ಏನೋ ಲೆಕ್ಕಕ್ಕೆ. ಬೆಣೆಗಳು ಅವೇ.

ಮೇ 12, ಸೋಮವಾರ

ಭಾವ ಇವತ್ತು ಕೆಲಸಕ್ಕೆ ಹಿಂತಿರುಗಿದರು. ರೀಲಿಗೆ ಹೋಗುವಂತಿಲ್ಲ, ಗೇಟಿನ ಬಳಿ ಲಾರಿಗಳ ಚೀಟಿ ಬರೆಯುವ ಕೆಲಸ. ಕೂತು ಮಾಡುವಂಥದ್ದು. ಸಂಬಳ ಕಡಿಮೆ. ಸಿಂಹಾಸನವನ್ನು ಅಲ್ಲಿಗೇ ಹೊತ್ತು ಹಾಕಿದರು. ಬೆನ್ನಿನ ಚೀಟಿ ಕೀಳಲು ಹೋದೆ. "ಇರ್ಲಿ ಬಿಡೇ," ಅಂದರು. ಕೋತಿ ಅನ್ನಲಿಲ್ಲ. ಅವರು ಕೂತಲ್ಲಿಂದ ನೇರಕ್ಕೆ ಕಾಣುವುದು ಆ ಫಲಕ.

ಸಾಹೇಬರು ನನ್ನನ್ನು ಕರೆಸಿದರು. ಮುಖ ಅರಳಿತ್ತು. "ಬರೋ ವರ್ಷದ ವರದಿಗೆ ಈಗ್ಲೇ ಗುರುತು ಹಾಕಿಕೋ. 'ವಿಶೇಷಚೇತನ ಉದ್ಯೋಗಿಗಳು' ಅಂತ ಒಂದು ಸಾಲಿದೆ ನೋಡು. ಇಷ್ಟು ವರ್ಷ ಅಲ್ಲೂ ಸೊನ್ನೆ ಇತ್ತು. ಅಲ್ಲಿ ಮಾತ್ರ ಸೊನ್ನೆ ಚೆನ್ನಾಗಿ ಕಾಣ್ತಿರ್ಲಿಲ್ಲ."

ಗುರುತು ಹಾಕಿಕೊಂಡೆ. ಒಂದು. ಸಾಕ್ಷಿಗೆ ಆಸ್ಪತ್ರೆಯ ಚೀಟಿ ಇದೆ, ಫೋಟೋ ತೆಗೆಸಬೇಕು.

ಸಂಜೆ ಮನೆಯಲ್ಲಿ ಅಕ್ಕ ಭಾವನ ಪ್ಯಾಂಟಿನ ಒಂದು ಕಾಲನ್ನು ಮಡಿಸಿ ಹೊಲಿಯುತ್ತಿದ್ದಳು. ಸೂಜಿಯಿಂದ ಕಣ್ಣೆತ್ತದೆ ಕೇಳಿದಳು.

"ಒಂದು ಕೇಳ್ತೀನಿ, ನಿಜ ಹೇಳು. ಒಂದ್ಸಲವಾದ್ರೂ ಅವರಿಗೆ ಹೇಳಿದ್ಯಾ? ಇವರನ್ನ ಮನೆಗೆ ಕಳಿಸಿ ಅಂತ?"

"ಹೇಳಿದ್ದೆ ಅಕ್ಕಾ. ಮಾರ್ಚಿನಲ್ಲೇ. ಎದುರಿಗೆ ನಿಂತು ಹೇಳಿದ್ದೆ. ಕೇಳಲಿಲ್ಲ ಅವರು. ದಿನಚರಿಲಿ ಬರೆದಿಟ್ಟಿದೀನಿ ಬೇಕಾದ್ರೆ."

ಅಕ್ಕ ದಾರ ಕಡಿದಳು. ನನ್ನ ತಲೆಯ ಮೇಲೆ ಕೈಯಿಟ್ಟಳು, ಅಮ್ಮ ಇಡುತ್ತಿದ್ದ ಹಾಗೆ. "ಅಷ್ಟು ಸಾಕು ಬಿಡು," ಅಂದಳು. "ಯಾರೋ ಒಬ್ಬರು ಹೇಳಿದ್ರಲ್ಲ." ಎದ್ದು ನನಗೆ ಊಟಕ್ಕೆ ಹಾಕಿದಳು. ಏಪ್ರಿಲ್‌ನಿಂದ ಈಚೆಗೆ ನಾನೇ ಹಾಕಿಕೊಂಡು ತಿನ್ನುತ್ತಿದ್ದೆ.

ಊಟ ಮಾಡಿ, ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ.

ಮಹಾಪ್ರಭುಗಳೇ, ಒಂದು ಸಣ್ಣ ವಿಷಯ. ಮಾರ್ಚ್ 17ರ ನಂತರ ಒಂದು ಪುಟ ಖಾಲಿ ಬಿಟ್ಟಿದ್ದೆ, ಪದ್ಧತಿಯಂತೆ. ಅದನ್ನು ಈಗ ತಾನೇ ತುಂಬಿಸಿದೆ. ಬೇರೆ ಪೆನ್ನು, ಸ್ವಲ್ಪ ಮಾಸಿದ ಶಾಯಿ. ಆದರೂ ಅವಸರದ ಕೆಲಸ. ಗುಮಾಸ್ತರನ್ನು ಸಾಕ್ಷಿಗೆ ಬಾಗಿಲಲ್ಲಿ ನಿಲ್ಲಿಸಿದೆ, ಆ ವಾರ ಅವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದರು. 'ಹೋದೆನು, ಹೇಳಿದೆನು' ಎಂದು ನಾನು ಜನ್ಮದಲ್ಲಿ ಮಾತಾಡಿದವಳಲ್ಲ. ಒಳ್ಳೆಯ ಆಡಿಟರ್ ಆದರೆ ಹಿಡಿಯುತ್ತಾನೆ.

ಆ ದಿನ ನಾನು ಸಾಹೇಬರ ಕೋಣೆಗೆ ಹೋಗಿದ್ದು ನಿಜ, ಅವರೇ ಕರೆಸಿದ್ದರು. "ಹೇಗಿದಾನೆ ನಿಮ್ಮ ಭಾವ? ತೀರಾ ಕಷ್ಟ ಆದ್ರೆ ಹೇಳು, ಏನಾದ್ರೂ ಮಾಡೋಣ," ಅಂತ ಕೇಳಿದ್ದೂ ನಿಜ.

ನಾನು ಕೈ ಮುಗಿದು, ನಡು ಬಗ್ಗಿಸಿ, "ಮಹಾರಾಜರು ಸಿಂಹಾಸನದಲ್ಲಿ ಕ್ಷೇಮ ಸರ್," ಅಂದಿದ್ದೆ. ಅವರು ಬಹಳ ನಕ್ಕಿದ್ದರು.